ಟೊಮೆಟೊ ಕೀಳಬೇಕೋ ಬ್ಯಾಡೋ

ಮಾಸ್ತರರ ಟೊಮೆಟೊ ಗಿಡ ನೋಡಲಿಕ್ಕೆ ಚಂದವೇ ಇದ್ದವು. ಎಲೆ ಹಸಿರು, ದಂಟು ದಪ್ಪ, ದಿನಾ ಬೆಳಿಗ್ಗೆ ಹೊಸ ಹೂ. ಕಾಯಿ ಮಾತ್ರ ಒಂದೂ ಇಲ್ಲ. ಏಪ್ರಿಲ್‌ನಿಂದ ಇದೇ ಕಥೆ: ಹೂ ಅರಳುವುದು, ತೊಟ್ಟು ಹಳದಿಯಾಗುವುದು, ಮುಟ್ಟಿದರೆ ಉದುರುವುದು. ಆ ಗಿಡಗಳಿಗೆ ಇನ್ನೂ ನೀರು ಹಾಕಬೇಕೋ, ಕಿತ್ತು ತಿಪ್ಪೆಗೆ ಎಸೆಯಬೇಕೋ ಎಂದು ಮೇ ಕೊನೆಯ ಒಂದು ರವಿವಾರ ನಮ್ಮ ಓಣಿಯಲ್ಲಿ ಪಂಚಾಯಿತಿಯೇ ನಡೆಯಿತು.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಗೆ ಹತ್ತಿ ಒಂದು ಖಾಲಿ ಪ್ಲಾಟು ಇದೆ. ಮಾಲೀಕರು ಪುಣೆಯಲ್ಲಿ ನೌಕರಿಗಿದ್ದಾರೆ, ಸದ್ಯಕ್ಕೆ ಮನೆ ಕಟ್ಟುವ ವಿಚಾರವಿಲ್ಲ. ಜಾಲಿ ಬೆಳೆದು ಹಾವು ಚೇಳು ಸೇರುವುದಕ್ಕಿಂತ ಕಾಯಿಪಲ್ಲೆ ಹಾಕ್ಕೊಳ್ರಿ ಎಂದು ಅವರೇ ಹೇಳಿದ್ದರಿಂದ ನಾಲ್ಕು ಮನೆಯವರು ನಡುವೆ ಒಡ್ಡು ಹಾಕಿ ಹಂಚಿಕೊಂಡಿದ್ದೇವೆ. ಒಂದು ಪಾಲು ನಮ್ಮದು. ಒಂದು ನಿವೃತ್ತ ಮಾಸ್ತರರದು. ಇನ್ನೊಂದು ಹಿಂದಿನ ಮನೆಯ ಆಯಿಯದು. ನಾಲ್ಕನೆಯದು ಮಹಡಿ ಮೇಲೆ ಬಾಡಿಗೆಗಿರುವ ಹುಡುಗನದು. ಅವನು ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ. ನೆಲ ಬರೇ ಗರಸು. ಒಂದು ಟ್ರ್ಯಾಕ್ಟರ್ ಎರೆಮಣ್ಣು, ಮೇಲಷ್ಟು ತಿಪ್ಪೆಗೊಬ್ಬರ ತರಿಸಿ ಹಾಕಿದ ಮೇಲೆಯೇ ಅಲ್ಲಿ ಏನಾದರೂ ಹುಟ್ಟತೊಡಗಿದ್ದು. ಖರ್ಚಿನ ಲೆಕ್ಕ ಯಾರೂ ಕೇಳಬೇಡಿ. ಸಂತೆಯಲ್ಲಿ ಕೊಂಡು ತಿನ್ನುವುದೇ ಅಗ್ಗ.

ಚಳಿಗಾಲದಲ್ಲಿ ಎಲ್ಲರೂ ಶಾಣ್ಯಾರೇ. ಮೆಂತ್ಯ, ಹಕ್ಕರಕಿ, ಮೂಲಂಗಿ ಎಲ್ಲ ತಾವಾಗಿ ಬರುತ್ತವೆ. ಮೇ ತಿಂಗಳ ಮಾತೇ ಬೇರೆ. ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ, ರಾತ್ರಿಯೂ ನೆಲ ಆರುವುದಿಲ್ಲ. ಆ ಹೊತ್ತಿಗೆ ಮಾಸ್ತರರ ಮನೆಯ ಬೋರು ಕೆಳಗಿಳಿದಿತ್ತು. ಮೋಟರು ಚಾಲೂ ಮಾಡಿದರೆ ಸ್ವಲ್ಪ ಹೊತ್ತು ನೀರು, ಆಮೇಲೆ ಬರೇ ಗಾಳಿ. ಬಂದಷ್ಟು ನೀರು ಬಕೆಟ್ಟಿನಲ್ಲಿ ಹಂಚಿಕೊಳ್ಳಬೇಕು. ನಾಲ್ಕೂ ಮಡಿಗೆ ಸಾಕಾಗುವಂತಿರಲಿಲ್ಲ.

ಆಯಿ ಬೆಳಿಗ್ಗೆ ಆರಕ್ಕೇ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಬಂದವಳು ನೇರ ಮಾಸ್ತರರ ಮಡಿಯ ಹತ್ತಿರ ಹೋಗಿ ನಿಂತಳು.

"ಮಾಸ್ತರ್ರ, ಇವು ನೀರು ಕುಡ್ಯಾಕಷ್ಟ ಅದಾವ ನೋಡ್ರಿ. ಕಿತ್ತ ಒಗೀರಿ."

"ಹೂ ಬಿಟ್ಟಾವಲ್ಲಬೇ, ಇಂದಲ್ಲ ನಾಳಿ ಕಾಯಿ ಹಿಡೀತಾವ."

"ಹಿಡ್ಯಾಂಗಿಲ್ರಿ ಸರ್," ಎಂದ ಹುಡುಗ ಮೆಟ್ಟಿಲಿಳಿಯುತ್ತಲೇ. ಹಗಲು ಮೂವತ್ತೈದು ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದಂತೆ. ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ನೀರು, ಗೊಬ್ಬರ ಎಷ್ಟು ಸುರಿದರೂ ಗಿಡ ಎಲೆ ಬೆಳೆಸಿಕೊಳ್ಳುತ್ತದೆ, ಅಷ್ಟೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಕೇಳಿದರು, ವಾದ ಮಾತ್ರ ಬಿಡಲಿಲ್ಲ. ಹಸಿರಾಗಿರುವ ಗಿಡ ಕೀಳುವುದು ಪಾಸಾಗಬಹುದಾದ ಹುಡುಗನ ಹೆಸರು ಹಾಜರಿ ಪುಸ್ತಕದಿಂದ ಹೊಡೆದು ಹಾಕಿದಂತೆ ಎಂದರು. ನಲವತ್ತು ವರ್ಷದ ಚಾಳಿ ಬಿಡುತ್ತದೆಯೇ.

ಆ ಜಗಳ ಹಾಗೇ ಬಿಟ್ಟು ಉಳಿದದ್ದನ್ನು ನೋಡಿದೆವು. ನನ್ನ ಬೆಂಡಿ ಸಾಲಿನಲ್ಲಿ ಎಲೆಯ ನರವೆಲ್ಲ ಹಳದಿ. ಬಿಳಿ ನೊಣ ಹರಡುವ ನಂಜು ಅದು, ಬಂದ ಗಿಡಕ್ಕೆ ಮದ್ದಿಲ್ಲ. ಬೇರು ಸಮೇತ ಕಿತ್ತು ದೂರ ಒಯ್ದು ಸುಟ್ಟೆ. ಚವಳಿಕಾಯಿಯ, ಅಂದರೆ ಗೋರಿಕಾಯಿಯ, ಚಿಂತೆ ಯಾರಿಗೂ ಇಲ್ಲ. ಅದು ಬರಗಾಲದ ಬೆಳೆ, ವಾರಕ್ಕೊಮ್ಮೆ ನೀರು ತೋರಿಸಿದರೂ ಕಾಯಿ ಕೊಡುತ್ತದೆ, ಮೇಲೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ಮಣ್ಣಿಗೇ ಬಿಟ್ಟು ಹೋಗುತ್ತದೆ. ಪುಂಡಿಪಲ್ಲೆಯೂ ಹಾಗೇ, ಕುಡಿ ಕೊಯ್ದಷ್ಟೂ ಚಿಗುರುತ್ತದೆ.

ಮುಳಗಾಯಿ, ಅಂದರೆ ಬದನೆ, ಗಿಡಗಳ ಮೇಲೆ ನನಗೂ ಆಸೆ ಹೋಗಿತ್ತು. ಕಾಯಿ ಸಣ್ಣ, ಕಹಿ, ಒಳಗೆಲ್ಲ ಹುಳ. ಕೀಳಲು ಕೈ ಹಾಕಿದಾಗ ಆಯಿ ತಡೆದಳು. "ಕೀಳಬ್ಯಾಡ ತಂಗಿ, ಬೋಳಸ." ಮೊಳದಷ್ಟು ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು, ಬದುಕುವಷ್ಟೇ ನೀರು ಹಾಕುತ್ತ ಬಂದರೆ ಮಳೆ ಬಿದ್ದ ಕೂಡಲೇ ಹೊಸ ಟೊಂಗೆ ಒಡೆದು ಮತ್ತೆ ಕಾಯಿಗೆ ಬರುತ್ತದೆ. ಎಲೆ ಇಲ್ಲದ್ದರಿಂದ ನೀರೂ ಕಡಿಮೆ ಸಾಕು. ಕತ್ತರಿಸಿದ ಬಾಡಿದ ಕುಡಿಗಳನ್ನು ಅಲ್ಲೇ ಬಿಡಬಾರದು. ಒಂದನ್ನು ಸೀಳಿ ನೋಡಿದೆ, ಒಳಗೆ ನಸುಗೆಂಪು ಹುಳ ಕೂತಿತ್ತು.

ಆಯಿಗೆ ಈ ಬುದ್ಧಿ ಬಂದದ್ದು ಹೊಳೆ ದಂಡೆಯಿಂದ. ಅವಳ ಊರು ಘಟಪ್ರಭೆಯ ದಡದಲ್ಲಿತ್ತು, ಈಗ ಆಲಮಟ್ಟಿಯ ಹಿನ್ನೀರಿನೊಳಗಿದೆ. ಜಲಾಶಯ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿದಾಗ ಅವಳ ಹೊಲದ ಮೇಲೆ ನೀರು. ಮುಳುಗಡೆಯವರಿಗಾಗಿಯೇ ಎದ್ದ ಈ ನವನಗರದಲ್ಲಿ ಅವಳಂಥವರು ಓಣಿಗೊಬ್ಬರು ಸಿಗುತ್ತಾರೆ. ಬ್ಯಾಸಗಿಯಲ್ಲಿ ಹೊಳೆ ಸರಿದ ಹಾಗೆ ಹಸಿ ಇರುವ ಕಡೆ ಸೌತಿ ಬೀಜ ಊರುತ್ತ ಹೋಗುತ್ತಿದ್ದರಂತೆ. "ನಾವು ನೀರು ಹಾಕ್ತಿದ್ದಿಲ್ಲ. ನೀರಿನ ಬೆನ್ನ ಹತ್ತಿ ಹೋಗ್ತಿದ್ವಿ," ಎಂದಳು. ಇಲ್ಲಿ ಬೆನ್ನು ಹತ್ತಲಿಕ್ಕೆ ನೀರೇ ಇಲ್ಲವಲ್ಲ, ಅದಕ್ಕೇ ಗಡಿಗೆ ಹೂಳಿಸಿದ್ದಾಳೆ. ಬಳ್ಳಿಗಳ ನಡುವೆ ಕುತ್ತಿಗೆಮಟ ಹೂಳಿದ ಮಣ್ಣಿನ ಗಡಿಗೆ, ಬಾಯಿಗೆ ಪರಸಿಕಲ್ಲಿನ ತುಂಡು. ತುಂಬಿಸಿಟ್ಟರೆ ಸುತ್ತಲಿನ ಮಣ್ಣು ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಹೊಸ ಗಡಿಗೆಯೇ ಆಗಬೇಕು. ಕುಡಿಯುವ ನೀರಿಗೆ ಇಟ್ಟು ಹಳೆಯದಾದದ್ದು ಜಿನುಗುವುದಿಲ್ಲ.

ಗಡಿಗೆ ಇಲ್ಲದ ಕಡೆ ನಾನು ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿದ್ದೇನೆ. ಮುಧೋಳ ಕಡೆಯ ನಮ್ಮ ಬೀಗರ ಕಬ್ಬಿನ ಹೊಲದ್ದು, ಅಲ್ಲಿ ಸುಡುತ್ತಿದ್ದುದನ್ನು ಬೇಡಿ ತಂದದ್ದು. ಮಧ್ಯಾಹ್ನ ಒಂದು ಗಂಟೆಗೆ ಅದನ್ನು ಸರಿಸಿ ನೋಡಿದೆ. ಕೆಳಗೆ ಮಣ್ಣು ಕಪ್ಪಗೆ, ಬೆರಳಿಗೆ ಅಂಟುವಷ್ಟು ಹಸಿ. ಗೇಣು ದೂರದ ಬರಿ ನೆಲದಲ್ಲಿ ಕುರ್ಚಿಗಿ ಇಳಿಯಲೇ ಇಲ್ಲ.

ಸಂಜೆಯ ಕೆಲಸ ಹಿರೇಬಳ್ಳಿಯದು, ನನಗೆ ಎಲ್ಲಕ್ಕಿಂತ ಸೇರುವುದು. ಸೌತಿ ಹೂ ಮುಂಜಾನೆ ಅರಳಿದರೆ ಹಿರೇ ಹೂ ಅರಳುವುದು ಹೊತ್ತು ಇಳಿದ ಮೇಲೆ. ಐದಕ್ಕೆ ಹೋದಾಗ ಮೊಗ್ಗುಗಳೆಲ್ಲ ಸುರುಳಿ ಸುತ್ತಿಕೊಂಡೇ ಇದ್ದವು. ಆರರ ಹೊತ್ತಿಗೆ ಒಂದೊಂದೇ ಎಸಳು ಬಿಚ್ಚಿ ಹಳದಿಯಾದವು. ಬಿಸಿಲುಗಾಲದಲ್ಲಿ ಗಂಡು ಹೂವೇ ಹೆಚ್ಚು, ಗೊಂಚಲು ಗೊಂಚಲಾಗಿ. ಹೆಣ್ಣು ಹೂವನ್ನು ಹುಡುಕಬೇಕು: ಅದು ಒಂಟಿಯಾಗಿರುತ್ತದೆ, ಬೆನ್ನಿಗೆ ಕಿರುಬೆರಳಿಗಿಂತ ಸಣ್ಣ ಕಾಯಿ, ಅದಕ್ಕೂ ಆಗಲೇ ಹಿರೇಕಾಯಿಯ ಏಣು. ಆ ಹೊತ್ತಿಗೆ ನಮ್ಮಲ್ಲಿ ಜೇನೂ ಇಲ್ಲ, ಪತಂಗವೂ ಕಾಣಲಿಲ್ಲ. ಗಂಡು ಹೂ ಕಿತ್ತು, ಎಸಳು ಹರಿದು, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಒತ್ತಿದೆ. ಬೆರಳೆಲ್ಲ ಅರಿಶಿನ. ಕೂಡಿಕೊಂಡರೆ ಕಾಯಿ ನಾಲ್ಕೈದು ದಿನದಲ್ಲಿ ಕಣ್ಣಿಗೆ ಕಾಣುವಂತೆ ಉದ್ದವಾಗುತ್ತದೆ, ಇಲ್ಲವಾದರೆ ಹಳದಿಯಾಗಿ ಮುರುಟುತ್ತದೆ.

ಅಷ್ಟರಲ್ಲಿ ಮಾಸ್ತರರು ಒಂದು ನಿರ್ಧಾರಕ್ಕೆ ಬಂದಿದ್ದರು. ಎಲ್ಲ ಗಿಡ ಕಿತ್ತರು, ಗೋಡೆ ಕಡೆಯ ಎರಡನ್ನು ಮಾತ್ರ ಉಳಿಸಿ ಹಳೆಯ ಸೀರೆಯ ನೆರಳು ಕಟ್ಟಿದರು. "ಬಚ್ಚಲ ನೀರು ಹಾಕ್ತೀನಿ, ನಿಮ್ಮ ಪಾಲಿಂದ ಬ್ಯಾಡ," ಎಂದು ಮೊದಲೇ ಘೋಷಿಸಿದರು. ಆಯಿ ಸಬಕಾರದ ನೀರು ಹಾಕಬ್ಯಾಡ್ರಿ ಎಂದಷ್ಟೇ ಹೇಳಿ ಸುಮ್ಮನಾದಳು. ಕಿತ್ತ ಮಡಿ ಅಗೆದು ಬಿಸಿಲಿಗೆ ಬಿಟ್ಟೆವು. ಜೇಕು ಎಂಬ ಕಳೆಯ ಗಡ್ಡೆ ಮೇಲೆ ಬಂದು ಒಣಗಬೇಕಾದರೆ ಇದೇ ಕಾಲ.

ಆ ವಾರವೇ ರೋಹಿಣಿ ಕೂಡಿತ್ತು. ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ ಎನ್ನುತ್ತಾರೆ. ನಮ್ಮ ಓಣಿಗೆ ಬಂದದ್ದು ಗಾಳಿ, ಧೂಳು, ನಾಲ್ಕು ಹನಿ, ಜೊತೆಗೆ ಕರೆಂಟು ಹೋದದ್ದು. ಸರಿಯಾದ ಮಳೆ ಮುಂದಿನ ಮಿರಗದಲ್ಲೇ (ಮೃಗಶಿರಾ) ಆಯಿತು, ಮುಳಗಾಯಿ ಬೋಳುಗಳು ಅದಾದ ಮೇಲೆ ಕಣ್ಣು ಬಿಟ್ಟವು.

ಹಿರೇಬಳ್ಳಿಯಲ್ಲಿ ಕೂಡಿಸಿದ್ದರಲ್ಲಿ ಕೆಲವು ಕಾಯಿಯಾದವು. ಎಲ್ಲಕ್ಕಿಂತ ನೆಟ್ಟಗಿರುವ ಒಂದರ ತೊಟ್ಟಿಗೆ ಆಯಿ ಕೆಂಪು ದಾರ ಕಟ್ಟಿದ್ದಾಳೆ. ಅದು ಬೀಜಕ್ಕೆ, ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಒಳಗೆ ಗಿಲಿಗಿಲಿ ಎನ್ನುವತನಕ ಯಾರೂ ಕೈ ಹಚ್ಚಬಾರದು. ಮಾಸ್ತರರ ಸೊಸೆ ಮಾತ್ರ ಬಂದಾಗೊಮ್ಮೆ ಅದನ್ನು ಒತ್ತಿ ನೋಡಿ, "ಇನ್ನೂ ಎಳೀದೈತಿ, ಚಟ್ನಿಗೆ ಬರತೈತಲ್ರೀ ಅಕ್ಕಾರ?" ಎಂದು ಕೇಳಿ ಹೋಗುತ್ತಾಳೆ.