ಬಿದ್ದ ಲ್ಯಾಪ್‌ಟಾಪಿನ ದುರಸ್ತಿ, ಅದಕ್ಕೊಂದು ಹೊಸ ಚೀಲ: ಕೆಲಸ ಎಲ್ಲಿಯವರೆಗೆ ಬಂತು

ಪರದೆ ಉಳಿದಿದೆ. ಎಡಗಡೆಯ ಹಿಂದಿನ ಮೂಲೆ ಜಜ್ಜಿಹೋಗಿದೆ, ಮುಚ್ಚಳ ತೆರೆದರೆ ಒಳಗಿನಿಂದ ಕರಕರ ಸದ್ದು ಬರುತ್ತದೆ, ಮುಚ್ಚಿದರೆ ಎರಡು ಅಂಚುಗಳು ಕೂಡುವುದಿಲ್ಲ. ಬಸ್ಸಿನ ಸಾಮಾನು ಹಲಗೆಯಿಂದ ಬ್ಯಾಗ್ ಸಮೇತ ಬಿದ್ದ ಲ್ಯಾಪ್‌ಟಾಪಿನ ಸ್ಥಿತಿ ಇದು. ಇದನ್ನು ಸರಿಪಡಿಸಬೇಕು, ಮುಂದಿನ ಪ್ರಯಾಣಕ್ಕೆ ಮೊದಲು ನಿಜವಾಗಿ ಕಾಪಾಡುವಂಥ ಚೀಲವನ್ನೂ ಹೊಲಿಯಬೇಕು ಎಂದು ಹೊರಟೆ.

ಆನ್ ಮಾಡುವ ಮೊದಲು

ಬಿದ್ದ ಯಂತ್ರವನ್ನು ಕೈಗೆತ್ತಿಕೊಂಡ ಕೂಡಲೇ ಪವರ್ ಗುಂಡಿಯತ್ತ ಬೆರಳು ಹೋಗುವುದು ಸಹಜ. ಅದನ್ನು ತಡೆಯಬೇಕು. ಒಳಗೆ ಕಳಚಿದ ಒಂದು ಸ್ಕ್ರೂ ಮದರ್‌ಬೋರ್ಡಿನ ಮೇಲೆ ಉರುಳಿ ಶಾರ್ಟ್ ಆದರೆ, ಬೀಳುವಾಗ ಉಳಿದದ್ದು ಆಗ ಸುಟ್ಟುಹೋಗುತ್ತದೆ. ನಿಧಾನವಾಗಿ ಓರೆ ಮಾಡಿ, ಏನಾದರೂ ಉರುಳುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಬಂತು.

ಆಮೇಲೆ ಬ್ಯಾಟರಿ. ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿದೆ: ಅಲುಗಾಡಿದರೆ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಸಿಹಿಯಾದ, ಥಿನ್ನರಿನಂಥ ವಾಸನೆ ಬಂದರೆ ಒಳಗಿನ ದ್ರವ ಸೋರುತ್ತಿದೆ ಎಂದು ಅನುಮಾನಿಸಬೇಕು. ಇವುಗಳಲ್ಲಿ ಒಂದು ಕಂಡರೂ ಚಾರ್ಜರ್ ಹಾಕುವಂತಿಲ್ಲ. ಅಂಥ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತೆಯೂ ಇಲ್ಲ. ನನ್ನದರಲ್ಲಿ ಎರಡೂ ಇರಲಿಲ್ಲ.

ಕವಚ ಬಿಚ್ಚಿದಾಗ

ತಳದ ಕವಚ ತೆಗೆದು ಮೊದಲು ಬ್ಯಾಟರಿಯ ಕನೆಕ್ಟರನ್ನು ಕಳಚಿದೆ. ಎಡಗಡೆಯ ಹಿಂಜ್, ಅಂದರೆ ಮುಚ್ಚಳದ ಕೀಲು, ಕೂರುವ ಜಾಗದಲ್ಲಿ ಬಿಳಿ ಪುಡಿ ಚೆಲ್ಲಿತ್ತು. ಅದು ಪ್ಲಾಸ್ಟಿಕ್. ಹಿಂಜಿನ ಸ್ಕ್ರೂಗಳು ನೇರವಾಗಿ ಪ್ಲಾಸ್ಟಿಕ್ಕಿಗೆ ಕಚ್ಚುವುದಿಲ್ಲ. ಸಣ್ಣ ಪ್ಲಾಸ್ಟಿಕ್ ಕಂಬಗಳೊಳಗೆ ಹುದುಗಿಸಿದ ಹಿತ್ತಾಳೆಯ ನಟ್ಟುಗಳಿಗೆ ಕಚ್ಚುತ್ತವೆ. ಆ ಕಂಬಗಳಲ್ಲಿ ಒಂದು ಬುಡಸಮೇತ ಕಿತ್ತುಬಂದು, ನಟ್ಟು ಸ್ಕ್ರೂವಿನ ತುದಿಯಲ್ಲೇ ನೇತಾಡುತ್ತಿತ್ತು. ಉರುಳುತ್ತಿದ್ದದ್ದು ಕಂಬದ ಒಡೆದ ಚೂರು. ಹೀಗೆ ಕಿತ್ತ ಹಿಂಜಿರುವ ಲ್ಯಾಪ್‌ಟಾಪನ್ನು ತೆರೆದು ಮುಚ್ಚುತ್ತ ಬಳಸಿದರೆ, ಪ್ರತಿ ಸಲವೂ ಆ ಬಿಗಿ ಹಿಂಜ್ ಪರದೆಯ ಚೌಕಟ್ಟನ್ನು ಒಂದಿಷ್ಟು ತಿರುಚುತ್ತದೆ. ಬಿದ್ದ ದಿನ ಉಳಿದ ಪರದೆ ತಿಂಗಳ ನಂತರ ಬಿರುಕು ಬಿಡಲು ಇದೂ ಒಂದು ಕಾರಣ.

ಅಂಟಿನ ಕೆಲಸಕ್ಕೆ ಮೊದಲು ಮಾಹಿತಿ. ಈ ಯಂತ್ರದಲ್ಲಿ ಎಸ್‌ಎಸ್‌ಡಿಯ ಜೊತೆಗೆ ಫೋಟೊಗಳಿಗೆಂದು ಹಳೆಯ ಹಾರ್ಡ್ ಡಿಸ್ಕ್ ಒಂದಿದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ, ಅದರ ಚಿಂತೆ ಕಡಿಮೆ. ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಆಫ್ ಆದಾಗ ಅದು ಬದಿಗೆ ಸರಿದು ನಿಲ್ಲುತ್ತದೆ. ಬಿದ್ದಾಗ ಯಂತ್ರ ಪೂರ್ತಿ ಆಫ್ ಆಗಿತ್ತು, ಅದೇ ಕಾಪಾಡಿತು. ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ, ಮೊದಲು ಎಲ್ಲವನ್ನೂ ನಕಲು ಮಾಡಿಕೊಂಡು, ನಂತರ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ವರದಿ ನೋಡಿದೆ. ಅದರಲ್ಲಿ ಗಮನಿಸಬೇಕಾದ ಸಾಲುಗಳು ಎರಡು: ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು (ಡಿಸ್ಕಿನಲ್ಲಿ ಮಾಹಿತಿ ಕೂರುವ ಸಣ್ಣ ಖಾನೆಗಳು), ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು. ಎರಡೂ ಸೊನ್ನೆ. ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ನಕಲಿಗೂ ಕೈಹಾಕದೆ ಆಫ್ ಮಾಡಿ, ಮಾಹಿತಿ ಮರಳಿ ಪಡೆಯುವವರಿಗೆ ಒಪ್ಪಿಸುವುದೇ ಸರಿ.

ಹಿಂಜಿನ ದುರಸ್ತಿ ಸಾವಧಾನದ ಕೆಲಸ. ಒಡೆದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮರಳು ಕಾಗದದಿಂದ ಗೀರಿ, ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ ಕಂಬವನ್ನು ಕೂರಿಸಿದೆ. ಸ್ಕ್ರೂವಿಗೆ ತೆಳ್ಳಗೆ ಗ್ರೀಸ್ ಸವರಿದ್ದರಿಂದ ಅದು ನಟ್ಟಿನೊಳಗೆ ಅಂಟಿಕೊಳ್ಳಲಿಲ್ಲ. ಇಡೀ ಒಂದು ದಿನ ಮುಟ್ಟದೆ ಬಿಟ್ಟು, ಹಿಂಜಿನ ಬಿಗಿಯನ್ನೂ ಕಾಲು ಸುತ್ತು ಸಡಿಲಿಸಿದೆ. ಈಗ ಮುಚ್ಚಳ ಸದ್ದಿಲ್ಲದೆ ತೆರೆಯುತ್ತದೆ. ಜಜ್ಜಿದ ಮೂಲೆಯನ್ನು ಹಾಗೆಯೇ ಬಿಟ್ಟಿದ್ದೇನೆ. ತಟ್ಟಿ ನೇರ ಮಾಡಹೋದರೆ ಪರದೆಗೇ ಅಪಾಯ.

ಚೀಲದ ಲೆಕ್ಕಾಚಾರ

ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೊಮೀಟರ್ ವೇಗದಲ್ಲಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ಇಳಿಯುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. 2 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಹೊಡೆತ ಗುರುತ್ವದ 500 ಪಟ್ಟು. 20 ಮಿಲಿಮೀಟರಿನಲ್ಲಿ ನಿಂತರೆ 50 ಪಟ್ಟು. ಲ್ಯಾಪ್‌ಟಾಪ್ ಚೀಲವೊಂದರ ಬೆಲೆ ಇರುವುದು ಆ ಕೆಲವು ಮಿಲಿಮೀಟರುಗಳಲ್ಲೇ ಎಂದು ನಾನು ನಂಬುತ್ತೇನೆ. ತೆಳು ಬಟ್ಟೆಯ ಸ್ಲೀವ್ ಗೀರುಗಳಿಂದ ಕಾಪಾಡುತ್ತದೆ, ಬೀಳುವುದರಿಂದ ಅಲ್ಲ.

ಅಮೆರಿಕದ ಸೇನೆಯ ಎಂಐಎಲ್-ಎಸ್‌ಟಿಡಿ-810 ಮಾನದಂಡದ ಹೆಸರನ್ನು ಅನೇಕ ಲ್ಯಾಪ್‌ಟಾಪುಗಳ ಜಾಹೀರಾತಿನಲ್ಲಿ ನೋಡುತ್ತೇವೆ. ಅದರ ಬೀಳಿಸುವ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ ಪ್ರತಿ ಮುಖ, ಅಂಚು, ಮೂಲೆಯ ಮೇಲೆ ಒಟ್ಟು 26 ಬಾರಿ ಬೀಳಿಸುತ್ತಾರೆ. ಆದರೆ ಆ 26 ಬಾರಿಯನ್ನು ಒಂದೇ ಮಾದರಿಯ ಐದು ಯಂತ್ರಗಳವರೆಗೆ ಹಂಚಿಕೊಳ್ಳಬಹುದು. ಮಾನದಂಡದಲ್ಲಿ ಪರೀಕ್ಷೆಗಳು ಹಲವಿರುವುದರಿಂದ, ಯಾವುದನ್ನು ಮಾಡಿದ್ದಾರೆ ಎಂದು ಓದದೆ ಆ ಹೆಸರನ್ನು ಮಾತ್ರ ನಂಬಿ ಕೂರಬಾರದು.

ಫೋಮ್ ಆರಿಸುವಾಗ ಲ್ಯಾಪ್‌ಟಾಪಿನಷ್ಟೇ ತೂಕದ ಹಲಗೆಯೊಂದನ್ನು ಚೀಲದೊಳಗಿಟ್ಟು ಬೀಳಿಸಿದೆ. ಮೊಬೈಲಿನ ಸಂವೇದಕದಿಂದ ಅಳೆಯಬಹುದಿತ್ತು, ಆದರೆ ಸಾಮಾನ್ಯವಾಗಿ ಅದರ ಅಳತೆ ಗುರುತ್ವದ 8 ಅಥವಾ 16 ಪಟ್ಟಿಗೇ ನಿಂತುಬಿಡುತ್ತದೆ. ಹಾಗಾಗಿ ಹಲಗೆಯ ಮೂಲೆಗಳಿಗೂ ಫೋಮಿಗೂ ನಡುವೆ ಒಂದೇ ಅಳತೆಯ ಜೇಡಿಮಣ್ಣಿನ ಉಂಡೆಗಳನ್ನಿಟ್ಟೆ. ಮೆತ್ತನೆಯ ಸ್ಪಂಜಿನಲ್ಲಿ ಉಂಡೆ ನಾಣ್ಯದಂತೆ ಚಪ್ಪಟೆಯಾಯಿತು: ಸ್ಪಂಜು ಪೂರ್ತಿ ಕುಸಿದು ಹಲಗೆ ನೆಲಕ್ಕೇ ಬಡಿದಿತ್ತು. ತೀರ ಗಟ್ಟಿ ಫೋಮಿನಲ್ಲೂ ಹೆಚ್ಚುಕಡಿಮೆ ಅದೇ ಫಲ, ಅದು ಬಗ್ಗಲೇ ಇಲ್ಲ. ಒತ್ತಿದರೆ ಅರ್ಧಕ್ಕೆ ಇಳಿದು ನಿಧಾನವಾಗಿ ಏಳುವ, ಮುಚ್ಚಿದ ರಂಧ್ರಗಳ ಪಾಲಿಎಥಿಲೀನ್ ಫೋಮಿನಲ್ಲಿ ಉಂಡೆ ಬಹುಪಾಲು ಗುಂಡಗೇ ಉಳಿಯಿತು. ಅದನ್ನೇ ಮೂಲೆಗಳಿಗೆ ದಪ್ಪವಾಗಿ, ಮುಖಗಳಿಗೆ ತೆಳ್ಳಗೆ ಕತ್ತರಿಸಿದ್ದೇನೆ.

ಇನ್ನೊಂದು ಬದಲಾವಣೆ ತಳದ್ದು. ಬ್ಯಾಗನ್ನು ಧೊಪ್ಪೆಂದು ಕೆಳಗಿಡುವಾಗ ಪೆಟ್ಟು ತಿನ್ನುವುದು ಲ್ಯಾಪ್‌ಟಾಪಿನ ಕೆಳ ಅಂಚು. ಹಾಗಾಗಿ ಒಳ ಜೇಬನ್ನು ಬ್ಯಾಗಿನ ತಳಕ್ಕೆ ತಾಗದಂತೆ ಮೂರು ಬೆರಳು ಮೇಲೆ ತೂಗಿಬಿಟ್ಟು ಹೊಲಿದೆ. ಚಾರ್ಜರಿಗೆ ಎದುರು ಬದಿಯಲ್ಲಿ ಬೇರೆ ಜೇಬು, ಏಕೆಂದರೆ ತುಂಬಿದ ಬ್ಯಾಗಿನಲ್ಲಿ ಅದರ ಇಟ್ಟಿಗೆಯಂಥ ತುದಿ ಮುಚ್ಚಳವನ್ನು ಒತ್ತಿ ಪರದೆಗೆ ಕಲೆ ಮಾಡುತ್ತದೆ. ಯುಎಸ್‌ಬಿಗೆ ಚುಚ್ಚಿದ ಪೆನ್‌ಡ್ರೈವ್, ಮೌಸಿನ ಡಾಂಗಲ್ ಎಲ್ಲವೂ ಕಳಚಿಯೇ ಒಳಗೆ ಹೋಗಬೇಕು. ಪೆಟ್ಟು ಬಿದ್ದಾಗ ಅವು ಸನ್ನೆಗೋಲಾಗಿ ಪೋರ್ಟನ್ನೇ ಕೀಳುತ್ತವೆ. ಸ್ಲೀಪ್‌ನಲ್ಲಿಟ್ಟು ಒಯ್ಯುವುದೂ ಬೇಡ. ಈ ಫೋಮು ಶಾಖವನ್ನೂ ಹಿಡಿದಿಡುತ್ತದೆ, ನಡುವೆ ಯಂತ್ರ ತಾನಾಗಿ ಎಚ್ಚರಗೊಂಡರೆ ಒಳಗೇ ಬಿಸಿಯಾಗುತ್ತದೆ.

ಬಾಕಿ ಉಳಿದದ್ದು: ಝಿಪ್ಪಿನ ಒಳಬದಿಗೆ ಬಟ್ಟೆಯ ಪಟ್ಟಿ, ಭುಜದ ಪಟ್ಟಿಯ ಬುಡಕ್ಕೆ ಎರಡನೆಯ ಹೊಲಿಗೆ, ಸಾಮಾನು ಹಲಗೆಯ ಕಂಬಿಗೆ ಸಿಕ್ಕಿಸಲು ಒಂದು ಕೊಕ್ಕೆ. ಅದು ಮುಗಿದ ಮೇಲೆ ಲ್ಯಾಪ್‌ಟಾಪಿನ ಬದಲು ಪರೀಕ್ಷೆಯ ಆ ಹಲಗೆಯನ್ನೇ ಒಳಗಿಟ್ಟು ಒಂದು ಪ್ರಯಾಣ ಮಾಡಿ, ಜೇಡಿಮಣ್ಣಿನ ಉಂಡೆಗಳು ಹೇಗೆ ಬಂದವು ಎಂದು ನೋಡುತ್ತೇನೆ.