‘ಒಂದು ವರ್ಷ ಕಳೆಯಲಿ’ ಎಂದು ಹೇಳಲು ಕಲಿತದ್ದು

ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ನಮ್ಮ ಹಾಸ್ಪೈಸಿನಲ್ಲಿ ತಾಯಿಯನ್ನೋ ಗಂಡನನ್ನೋ ಕಳೆದುಕೊಂಡು ಹೋದವರಲ್ಲಿ ಕೆಲವರು ಒಂದೆರಡು ತಿಂಗಳಿಗೆ ಮತ್ತೆ ಬರುತ್ತಾರೆ. ಮನೆಯಲ್ಲಿ ಉಳಿದ ಗಾಳಿ ಹಾಸಿಗೆ, ಒಡೆಯದ ಡೈಪರ್ ಪೊಟ್ಟಣ ಕೊಟ್ಟುಹೋಗಲು ಬಂದವರು. ಕೊಟ್ಟ ಮೇಲೂ ಹೊರಡುವುದಿಲ್ಲ. ಬಾಗಿಲ ಬಳಿ ನಿಂತು, “ಸಿಸ್ಟರ್, ನನಗೂ ಇಲ್ಲಿ ಏನಾದರೂ ಕೆಲಸ ಕೊಡಿ” ಎನ್ನುತ್ತಾರೆ.

ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ಕೊನೆಗಾಲದ ಆರೈಕೆ ಮಾಡುವ ದಾದಿ ನಾನು. ಈ ಕೆಲಸಕ್ಕೆ ಬಂದು 14 ವರ್ಷವಾಯಿತು. ಸ್ವಯಂಸೇವಕರನ್ನು ತಯಾರು ಮಾಡುವ ಹೊಣೆಯೂ ನನ್ನದೇ. ಹಾಗೆ ಕೇಳಿದವರಿಗೆ ಏನು ಹೇಳಬೇಕೆಂಬುದನ್ನು ಒಂದು ತಪ್ಪಿನಿಂದ ಕಲಿತೆ.

ಆಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ತಾಯಿ ಹೊಟ್ಟೆಯ ಕ್ಯಾನ್ಸರಿನಿಂದ ನಮ್ಮಲ್ಲೇ ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ವಾರ್ಡಿಗೆ ಜನ ಸಾಲದ ದಿನಗಳು ಅವು. ಆಕೆಗೆ ರೋಗಿಯನ್ನು ಮಗ್ಗುಲು ಬದಲಿಸುವುದು ಗೊತ್ತಿತ್ತು, ವಾಂತಿ ಕಂಡರೆ ಹೇಸಿಕೆಯಿರಲಿಲ್ಲ. ಇಂಥವರು ಸಿಗುವುದೇ ಅಪರೂಪವೆಂದುಕೊಂಡು, ಬರುವ ಭಾನುವಾರದಿಂದಲೇ ಬನ್ನಿ ಎಂದೆ.

ಮೂರನೆಯ ಭಾನುವಾರ ವಾರ್ಡಿನಲ್ಲಿ ಕೋಲಾರದ ಕಡೆಯ ಅಜ್ಜಿಯೊಬ್ಬರಿದ್ದರು. ಎರಡು ದಿನದಿಂದ ಕಣ್ಣು ಬಿಡುವುದೇ ಕಡಿಮೆಯಾಗಿತ್ತು, ಊಟ ನಿಂತಿತ್ತು. ನಾನು ಪಕ್ಕದ ಕೋಣೆಯಲ್ಲಿ ಒಬ್ಬರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಕೆಮ್ಮು ಕೇಳಿಸಿತು. ಓಡಿ ಬಂದು ನೋಡಿದರೆ ಆಕೆಯ ಕೈಯಲ್ಲಿ ಮನೆಯಿಂದ ತಂದ ರವೆ ಗಂಜಿಯ ಡಬ್ಬಿ, ಚಮಚ. ಅಜ್ಜಿಗೆ ಉಸಿರು ಸಿಕ್ಕಿಕೊಂಡಿತ್ತು. ಮಗ್ಗುಲಿಗೆ ತಿರುಗಿಸಿ, ಗಂಟಲಲ್ಲಿದ್ದುದನ್ನು ತೆಗೆದು, ಉಸಿರು ಹದಕ್ಕೆ ಬರುವ ಹೊತ್ತಿಗೆ ಅರ್ಧ ಗಂಟೆಯಾಯಿತು.

ಕೊನೆಯ ದಿನಗಳಲ್ಲಿ ದೇಹ ಅನ್ನ ಕೇಳುವುದನ್ನು ಬಿಡುತ್ತದೆ. ನುಂಗುವ ಶಕ್ತಿಯೂ ಕುಂದುತ್ತದೆ. ಒತ್ತಾಯದಿಂದ ಕೊಟ್ಟ ತುತ್ತು ಶ್ವಾಸನಾಳಕ್ಕೆ ಇಳಿಯಬಹುದು. ಊಟ ಬಿಟ್ಟದ್ದರಿಂದ ಸಾವು ಬರುತ್ತಿರುವುದಲ್ಲ, ಸಾವು ಹತ್ತಿರವಾದುದರಿಂದ ಊಟ ಬಿಟ್ಟಿದೆ. ಇದನ್ನು ಆಕೆಯ ತಾಯಿಯ ಹಾಸಿಗೆಯ ಪಕ್ಕದಲ್ಲೇ ನಿಂತು ನಾನೇ ವಿವರಿಸಿದ್ದೆ, ಆಕೆ ತಲೆಯಾಡಿಸಿದ್ದಳು. ನಾನು ಅದನ್ನು ಒಪ್ಪಿಗೆಯೆಂದು ತಿಳಿದಿದ್ದೆ.

ಅಂದು ಮೆಟ್ಟಿಲ ಮೇಲೆ ಕುಳಿತು ಆಕೆ ಹೇಳಿದಳು: “ನಿಮ್ಮ ಮಾತು ಕೇಳಿ ಅಮ್ಮನಿಗೆ ನಾನು ಏನೂ ಕೊಡಲಿಲ್ಲ ಸಿಸ್ಟರ್. ಅಮ್ಮ ಹಸಿದುಕೊಂಡೇ ಹೋದಳು.”

ಎದುರಿಗೆ ಸಿಕ್ಕವರನ್ನು ಮೊದಲು ಊಟವಾಯಿತೇ ಎಂದು ಕೇಳುವ ಜನ ನಾವು. ಮನೆಗೆ ಬಂದ ಅಪರಿಚಿತರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಅಂಥ ಮನೆಯ ಮಗಳಿಗೆ, ಹೆತ್ತವಳ ಬಾಯಿಗೆ ಏನೂ ಹಾಕಬೇಡ ಎಂದು ಐದು ನಿಮಿಷದಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋಗಿದ್ದೆ. ನಾನು ಹೇಳಿದ್ದು ವೈದ್ಯಕೀಯವಾಗಿ ಸರಿಯಾಗಿತ್ತು. ಆದರೆ ಅದನ್ನು ಹೊತ್ತುಕೊಂಡು ಮನೆಗೆ ಹೋದವಳು ಎರಡು ತಿಂಗಳು ಹೇಗೆ ಮಲಗಿದಳೆಂದು ವಿಚಾರಿಸಲಿಲ್ಲ. ವಿಚಾರಿಸದೆಯೇ ಆಕೆಯನ್ನು ಅದೇ ವಾರ್ಡಿಗೆ, ಅಂಥದೇ ಇನ್ನೊಂದು ಹಾಸಿಗೆಯ ಪಕ್ಕಕ್ಕೆ ಕಳಿಸಿದೆ. ಅಜ್ಜಿ ನಾಲ್ಕು ದಿನದ ನಂತರ ನೋವಿಲ್ಲದೆ ಹೋದರು. ಗಂಜಿಗೂ ಅದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಆಕೆಯನ್ನು ಕೂರಿಸಿಕೊಂಡು ಹೇಳಬೇಕಾಯಿತು.

ಪ್ರೀತಿಪಾತ್ರರನ್ನು ಕಳೆದುಕೊಂಡವರು ರೋಗಿಗಳ ಹತ್ತಿರ ಕೂರುವ ಮೊದಲು ಸುಮಾರು ಒಂದು ವರ್ಷ ಕಳೆಯಲಿ ಎನ್ನುವ ರೂಢಿ ಅನೇಕ ದೇಶಗಳ ಹಾಸ್ಪೈಸುಗಳಲ್ಲಿದೆ. ನನಗೆ ಅದು ಗೊತ್ತಿತ್ತು. ಕಾಗದದ ಮೇಲಿನ ನಿಯಮವೆಂದುಕೊಂಡಿದ್ದೆ. ಯೋಚಿಸಿದರೆ ನಮ್ಮ ಮನೆಗಳಲ್ಲೂ ಇರುವುದು ಇದೇ. ಸಾವಾದ ಮನೆಯಲ್ಲಿ ವರ್ಷದ ತಿಥಿ ಆಗುವ ತನಕ ಹಬ್ಬ ಮಾಡುವುದಿಲ್ಲ. ದುಃಖಕ್ಕೆ ಎಲ್ಲ ಋತುಗಳೂ ಒಂದು ಸುತ್ತು ಬೇಕು ಎಂಬುದನ್ನು ಹಿರಿಯರು ಅರಿತಿದ್ದರು.

ಆಧುನಿಕ ಹಾಸ್ಪೈಸನ್ನು ಕಟ್ಟಿದ ಸಿಸಿಲಿ ಸಾಂಡರ್ಸ್ ಅವರ ಕಥೆಯನ್ನು ಈಗ ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಅವರು ಪ್ರೀತಿಸಿದ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ರೋಗಿ 1948ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಸಾಯುತ್ತಿರುವವರಿಗಾಗಿ ಆಕೆ ಮುಂದೊಮ್ಮೆ ಕಟ್ಟಬಹುದಾದ ಮನೆಯಲ್ಲಿ ತಾನೊಂದು ಕಿಟಕಿಯಾಗಿರಲಿ ಎಂದು 500 ಪೌಂಡ್ ಬಿಟ್ಟುಹೋದರು. ಆ ಕಿಟಕಿಯ ಸುತ್ತ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎದ್ದದ್ದು 1967ರಲ್ಲಿ. ನಡುವಿನ 19 ವರ್ಷಗಳಲ್ಲಿ ಅವರು ವೈದ್ಯಕೀಯ ಓದಿದರು, ನೋವು ಮರುಕಳಿಸುವ ಮೊದಲೇ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಅಭ್ಯಾಸ ಮಾಡಿದರು. ನೋವೆಂದರೆ ಮೈಯದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲವೂ ಸೇರಿದ್ದು ಎಂದು ಜಗತ್ತಿಗೆ ಕಲಿಸಿದರು.

ಈಗ ನಾನು ಯಾರನ್ನೂ ಬಾಗಿಲಿಂದ ಹಿಂದೆ ಕಳಿಸುವುದಿಲ್ಲ. ಕೂರಿಸಿ, ‘ಅವರ ಕೊನೆಯ ವಾರ ಹೇಗಿತ್ತು?’ ಎಂದು ಕೇಳುತ್ತೇನೆ. ಉತ್ತರಕ್ಕೆ ಒಂದು ಗಂಟೆ ಹಿಡಿದರೂ ಎದ್ದುಹೋಗುವುದಿಲ್ಲ. ಗಾಜ್ ಬಟ್ಟೆ ಮಡಚುವುದು, ಅಡುಗೆಮನೆ, ತೋಟ, ದಾಖಲೆ ಪುಸ್ತಕ: ವರ್ಷ ತುಂಬುವ ತನಕ ಮಾಡಲು ಕೆಲಸ ಬೇಕಾದಷ್ಟಿದೆ. ಆ ಹೆಣ್ಣುಮಗಳಿಗೂ ಅದನ್ನೇ ಕೇಳಿಕೊಂಡೆ. ಇನ್ನು ಬರಲಾರಳು ಎಂದುಕೊಂಡಿದ್ದೆ. ಆದರೆ ಪ್ರತಿ ಭಾನುವಾರ ಬಂದು ಗಾಜ್ ಮಡಚಿದಳು, ಮಡಚುತ್ತ ಅಮ್ಮನ ಮಾತು ಆಡಿದಳು. ತಾಯಿಯ ವರ್ಷದ ತಿಥಿ ಮುಗಿಸಿ ಬಂದ ಮೇಲೆ ವಾರ್ಡಿಗೆ ಕಳಿಸಿದೆ.

ಕಳೆದ ತಿಂಗಳು ಒಬ್ಬ ಮಗ ತಂದೆಯ ಮುಚ್ಚಿದ ತುಟಿಗೆ ಎಳನೀರಿನ ಲೋಟ ಒತ್ತುತ್ತಿದ್ದ. ಆಕೆ ಹೋಗಿ ಪಕ್ಕದಲ್ಲಿ ಕುಳಿತಳು. ಬೇಡ ಎನ್ನಲಿಲ್ಲ, ತನ್ನ ತಾಯಿಯ ವಿಷಯ ಎತ್ತಲಿಲ್ಲ. ಹತ್ತಿಯನ್ನು ಅದೇ ಎಳನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಡೆದ ತುಟಿಗೆ ಒಮ್ಮೆ ಸವರಿದಳು. ಮುದುಕರ ನಾಲಿಗೆ ಮೆಲ್ಲಗೆ ಅಲುಗಿತು.

“ಅಪ್ಪನಿಗೆ ರುಚಿ ಗೊತ್ತಾಯಿತು ನೋಡಿ ಅಣ್ಣ, ಈಗ ನೀವು ಮಾಡಿ” ಎಂದು ಹತ್ತಿಯನ್ನು ಅವನ ಕೈಗೆ ಕೊಟ್ಟಳು.