ಕ್ರೀಟ್‌ಗೆ ಎರಡು ದಿನ ಸಾಕಾ?

"ಗ್ರೀಸ್‌ಗೆ ಹೊರಟಿದ್ದೀವಿ. ಸ್ಯಾಂಟೊರಿನಿ ಮುಗಿಸ್ಕೊಂಡು ಕ್ರೀಟ್‌ಗೆ ಎರಡು ದಿನ ಇಟ್ಕೊಂಡ್ರೆ ಸಾಕಾ?" ವಾಟ್ಸಾಪ್‌ನಲ್ಲಿ ನನಗೆ ಆಗಾಗ ಬರುವ ಮೆಸೇಜ್ ಇದು. ನಾನಿರುವುದು ಜರ್ಮನಿಯಲ್ಲಿ. ಗ್ರೀಸ್‌ನ ಈ ಕ್ರೀಟ್ ದ್ವೀಪಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ, ಫೋಟೊ ಬೇರೆ ಹಾಕಿದ್ದೇನೆ. ಹಾಗಾಗಿ ಕೇಳುವವರಿಗೆಲ್ಲ ನಾನೇ ಸಿಗುತ್ತೇನೆ.

ಸಾಕಾಗಲ್ಲ. ಎರಡೇ ದಿನ ಇದ್ದರೆ ಕ್ರೀಟ್ ಬಿಟ್ಟುಬಿಡಿ, ಸ್ಯಾಂಟೊರಿನಿಯಲ್ಲೇ ಆರಾಮಾಗಿರಿ.

ದ್ವೀಪ ಅಂದ ಕೂಡಲೇ ನಮಗೆ ನೆನಪಾಗುವುದು ಮಲ್ಪೆಯಿಂದ ದೋಣಿ ಹತ್ತಿ ಹೋಗುವ ಸೇಂಟ್ ಮೇರೀಸ್. ಒಂದು ಸುತ್ತು ಹಾಕಿ ವಾಪಸ್. ಕ್ರೀಟ್ ಎರಡು ಕೊಡಗಿನಷ್ಟು ದೊಡ್ಡದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ನಡುವೆ ಉದ್ದಕ್ಕೂ ಬೆಟ್ಟಗಳು, 2,400 ಮೀಟರ್ ದಾಟಿದ ಶಿಖರಗಳೂ ಇವೆ. ನಡುಭಾಗದ ಹೆರಾಕ್ಲಿಯನ್‌ನಿಂದ ಪಶ್ಚಿಮದ ಹನ್ಯಾ ಊರಿಗೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿನಷ್ಟು ದೂರ. ಅದಾದರೂ ಉತ್ತರ ಕರಾವಳಿಯ ಹೆದ್ದಾರಿ. ದಕ್ಷಿಣಕ್ಕೆ ತಿರುಗಿದಿರೋ, ಚಾರ್ಮಾಡಿಯಂಥ ತಿರುವುಗಳು. ಹನ್ಯಾದಿಂದ ಎಲಾಫೊನಿಸಿ ಬೀಚ್ ಬರೀ 75 ಕಿ.ಮೀ., ಆದರೂ ಒಂದೂವರೆ ಗಂಟೆ ಹಿಡಿಯುತ್ತದೆ.

ಅದಕ್ಕೇ ನಾನು ಎಷ್ಟು ದಿನ ಅನ್ನುವುದಕ್ಕಿಂತ ಮೊದಲು ಯಾವ ಏರ್‌ಪೋರ್ಟ್ ಅಂತ ಕೇಳುತ್ತೇನೆ. ಹೆರಾಕ್ಲಿಯನ್‌ನಲ್ಲಿ ಇಳಿದರೆ ಪುರಾತನ ಕ್ನೊಸೊಸ್ ಅರಮನೆ ಹತ್ತಿರ. ಅಲ್ಲಿ ಕಾಣುವ ಕೆಂಪು ಕಂಬಗಳು ಮೂರೂವರೆ ಸಾವಿರ ವರ್ಷ ಹಳೆಯವು ಅಂದುಕೊಳ್ಳಬೇಡಿ. 1900ರಲ್ಲಿ ಅಗೆಯಲು ಶುರುಮಾಡಿದ ಬ್ರಿಟಿಷ್ ಪುರಾತತ್ವಜ್ಞ ಆರ್ಥರ್ ಎವಾನ್ಸ್ ಆಮೇಲೆ ಕಾಂಕ್ರೀಟ್ ಹಾಕಿಸಿ ಕಟ್ಟಿಸಿದ್ದು. ಅರಮನೆ ಗೋಡೆಯ ಅಸಲಿ ಚಿತ್ರಗಳು ಊರಿನ ಮ್ಯೂಸಿಯಂನಲ್ಲಿವೆ. ಬೆಟ್ಟ, ಕಣಿವೆ, ಬೀಚ್ ಬೇಕೆಂದರೆ ಹನ್ಯಾದಲ್ಲಿ ಇಳಿಯಿರಿ, ಪಶ್ಚಿಮದಲ್ಲೇ ಒಂದು ವಾರ ಇರಿ. ಎರಡೂ ಬೇಕಾ? ಹತ್ತು ದಿನ.

ತಿಂಗಳ ವಿಷಯಕ್ಕೆ ಬಂದರೆ, ನಾನು ಮೊದಲ ಸಲ ಹೋಗಿದ್ದು ಏಪ್ರಿಲ್ ಮೊದಲ ವಾರ. ರೂಮ್ ಅಗ್ಗಕ್ಕೆ ಸಿಕ್ಕಿತು. ಯಾಕೆ ಅಗ್ಗ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಾನು ನಡೆಯಬೇಕೆಂದಿದ್ದ ಸಮಾರಿಯಾ ಕಣಿವೆ ಸಾಮಾನ್ಯವಾಗಿ ಮೇ ತಿಂಗಳಿಗೆ ಮುಂಚೆ ತೆರೆಯುವುದೇ ಇಲ್ಲ! ಸಮುದ್ರಕ್ಕೆ ಕಾಲಿಟ್ಟರೆ ಮೈ ಜುಂ ಅನ್ನುವಷ್ಟು ತಣ್ಣಗೆ. ಎರಡನೇ ಸಲ ಸೆಪ್ಟೆಂಬರ್ ಕೊನೆಗೆ ಹೋದೆ. ನೀರು ಇನ್ನೂ ಬೆಚ್ಚಗಿತ್ತು, ಆಗಸ್ಟ್‌ನ ಜನಜಂಗುಳಿ ಇರಲಿಲ್ಲ.

ಸಮಾರಿಯಾಗೆ ಮಾತ್ರ ಕಾರು ಬೇಡ, ಬಸ್ಸಲ್ಲಿ ಹೋಗಿ. ನಡಿಗೆ ಸುಮಾರು 1,200 ಮೀಟರ್ ಎತ್ತರದಿಂದ ಶುರುವಾಗಿ 16 ಕಿ.ಮೀ. ಇಳಿದು ಸಮುದ್ರದ ಹತ್ತಿರ ಮುಗಿಯುತ್ತದೆ. ಕೊನೆಯ ಊರು ಅಯಾ ರುಮೇಲಿಗೆ ರಸ್ತೆಯೇ ಇಲ್ಲ. ಅಲ್ಲಿಂದ ಫೆರಿ ಹಿಡಿದು ಬೇರೆ ಊರಿಗೆ ಹೋಗಿ ಬಸ್ ಹತ್ತಬೇಕು. ಕಾರು ತಂದಿದ್ದರೆ ಅದು ಬೆಟ್ಟದ ಮೇಲೆ, ನೀವು ಕೆಳಗೆ. ಇಳಿಜಾರು ತಾನೇ ಅಂತ ಹಗುರವಾಗಿ ತಗೊಳ್ಳಬೇಡಿ. ಮರುದಿನ ನಾನು ಹೋಟೆಲ್ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ಉಳಿದ ಕಡೆಗೆ ಕಾರು ಬೇಕು. ಭಾರತದಿಂದ ಬರುವವರು ಹೊರಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಬಾಲೊಸ್ ಬೀಚ್‌ನ ಮಣ್ಣುರಸ್ತೆಗೆ ಬಾಡಿಗೆ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ನಡೆಯಲ್ಲ, ಅಲ್ಲಿಗೆ ಕಿಸ್ಸಾಮೊಸ್ ಊರಿನಿಂದ ದೋಣಿ ಇದೆ. ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ದೊಡ್ಡವರಿಗೆ ಫೀಸು 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್.

ಇನ್ನು, "ವೆಜ್ ಸಿಗತ್ತಾ?" ಎರಡನೇ ಸಲ ಅಮ್ಮನೂ ಬಂದಿದ್ದಳು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲ ಕಟ್ಟಿಕೊಂಡೇ ಬಂದವಳು. ಮೊದಲ ರಾತ್ರಿ ಹೋರ್ತಾ ತರಿಸಿದೆ. ಬೇಯಿಸಿದ ಕಾಡುಸೊಪ್ಪು, ಮೇಲೆ ಆಲಿವ್ ಎಣ್ಣೆ, ಪಕ್ಕದಲ್ಲಿ ನಿಂಬೆಹೋಳು. ಅಮ್ಮ ಫೋರ್ಕ್ ಬದಿಗಿಟ್ಟು ಒಂದು ಎಳೆ ಎತ್ತಿ ನೋಡಿದಳು. "ಇದು ಬೆರಕೆ ಸೊಪ್ಪು ಕಣೋ. ಒಗ್ಗರಣೆ ಒಂದು ಹಾಕಿಲ್ಲ ಅಷ್ಟೆ." ಆಮೇಲೆ ದಿನಾ ಅದೇ. ಬಾರ್ಲಿ ರಸ್ಕ್ ಮೇಲೆ ತುರಿದ ಟೊಮ್ಯಾಟೊ, ಚೀಸ್ ಹಾಕುವ ದಾಕೊಸ್ ಕೂಡ ಹಿಡಿಸಿತು. ಆದರೆ ರಸ್ಕ್ ನೆನೆಯುವ ತನಕ ಕಾಯಬೇಕು, ಇಲ್ಲದಿದ್ದರೆ ಹಲ್ಲಿಗೆ ಕಷ್ಟ. ಮೊಟ್ಟೆ, ಹಾಲೂ ಬೇಡ ಅನ್ನುವವರು "ನಿಸ್ತೀಸಿಮೊ" ಅಂತ ಕೇಳಿ. ಅಲ್ಲಿನ ಕ್ರೈಸ್ತರ ಉಪವಾಸದ ಅಡುಗೆಗೆ ಹಾಗನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರಲ್ಲ. ಸಿಗಡಿ, ಕಪ್ಪೆಚಿಪ್ಪು ಮಾತ್ರ ಇರಬಹುದು, ವಿಚಾರಿಸಿಕೊಳ್ಳಿ.

ಊಟ ಆದಮೇಲೆ ನೀವು ಕೇಳದೆ ಹಣ್ಣಿನ ತಟ್ಟೆ, ಜೊತೆಗೆ ನೀರಿನಂಥದ್ದು ತುಂಬಿದ ಪುಟ್ಟ ಸೀಸೆ, ತೀರ್ಥ ಹಿಡಿಯುವಷ್ಟು ಚಿಕ್ಕ ಲೋಟಗಳು ಬಂದು ಕೂರುತ್ತವೆ. ನಾವು ಆರ್ಡರ್ ಮಾಡಿಲ್ಲ ಅಂತ ವಾಪಸ್ ಕಳಿಸಬೇಡಿ, ಸಾಮಾನ್ಯವಾಗಿ ಅದು ಬಿಲ್ಲಿಗೆ ಸೇರಲ್ಲ. ಅದು ರಾಕಿ, ದ್ರಾಕ್ಷಿಯ ಸಾರಾಯಿ. ಅಮ್ಮ ನೀರು ಅಂತ ಲೋಟ ತುಟಿಯ ತನಕ ತಂದಿದ್ದಳು. ವಾಸನೆಗೆ ಬೆಚ್ಚಿ ನನ್ನ ಮುಂದೆ ಸರಿಸಿ, ಹಣ್ಣಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.